ನಡುರಾತ್ರಿಯ ದನಿ: ಗಾಂಧೀಜಿಯವರ ಬಾಳಿನ ಒಂದು ಮುಖ

ಹಾಸಿಗೆಯ ಮೇಲೆ ಮಲಗಿ, ಕಣ್ಣು ಇನ್ನೇನು ಹತ್ತಿತು ಎನ್ನುವಷ್ಟರಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗಿ ಬೆಚ್ಚಿ ಏಳುವುದು ಅನೇಕರ ಅನುಭವ. ಎದ್ದು ನೋಡಿದರೆ ಯಾರೂ ಇರುವುದಿಲ್ಲ. ಮನೆಯವರೆಲ್ಲ ಮಲಗಿರುತ್ತಾರೆ, ಬೀದಿಯಲ್ಲಿ ನಾಯಿಯೂ ಬೊಗಳುತ್ತಿರುವುದಿಲ್ಲ. ನಮ್ಮ ಸೀಮೆಯ ಹಿರಿಯರು ಇದಕ್ಕೆ ಒಂದು ಕಟ್ಟಳೆಯನ್ನೇ ಮಾಡಿಟ್ಟಿದ್ದಾರೆ. ರಾತ್ರಿಯ ಹೊತ್ತು ಒಂದೇ ಕೂಗಿಗೆ ಓಗೊಡಬಾರದು, ಮನುಷ್ಯರಾದರೆ ಮತ್ತೆ ಕರೆಯುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆದು, ಕರೆಯುವ ದೆವ್ವವನ್ನು ದಿನವೂ ಮರುದಿನಕ್ಕೆ ಸಾಗಹಾಕುವ ಉಪಾಯ ಕನ್ನಡನಾಡಿನ ಬಹುಭಾಗಕ್ಕೆ ತಿಳಿದದ್ದೇ ಆಗಿದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ಮನೆಯಿಂದ. ನನ್ನ ತಂದೆಯವರು ಭದ್ರಾವತಿಯಲ್ಲಿ ಬಹಳ ವರ್ಷ ಪಾಳಿಯ ಕೆಲಸ ಮಾಡಿದವರು. ಒಂದು ವಾರ ಹಗಲು, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅವರಿಗೆ ನಿದ್ದೆ ಹತ್ತುವ ಗಳಿಗೆಯಲ್ಲಿ ಪಾಳಿಯ ಸೈರನ್ ಕೇಳಿಸುತ್ತದೆ. ತಟ್ಟನೆ ಎದ್ದು ಕೂರುತ್ತಾರೆ. ಅಂಗಿಗಾಗಿ ಗೂಟಕ್ಕೆ ಕೈ ಹಾಕಿ, ಆಮೇಲೆ ನೆನಪಾಗಿ ಸುಮ್ಮನಾಗುತ್ತಾರೆ. ಇದನ್ನು ಅವರು ಯಾರಿಗೂ ಹೇಳಿದವರಲ್ಲ. ತಲೆ ಕೆಟ್ಟಿದೆ ಎಂದಾರು ಎಂಬ ಅಂಜಿಕೆ. ನಾನೂ ಎರಡನೆಯ ವರ್ಷದ ಪರೀಕ್ಷೆಯ ಕಾಲದಲ್ಲಿ ನಡುರಾತ್ರಿಯವರೆಗೆ ಓದಿ ಮಲಗಿದಾಗ ನನ್ನ ಹೆಸರನ್ನು ಯಾರೋ ಕಿವಿಯ ಪಕ್ಕದಲ್ಲೇ ಕರೆದದ್ದನ್ನು ಮೂರು ನಾಲ್ಕು ಸಲ ಕೇಳಿದೆ, ಯಾರಿಗೂ ಹೇಳಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಓದಿ ಓದಿ ಹುಡುಗ ಕೆಟ್ಟನೆಂಬ ಮಾತು ಬಂದರೆ ನನ್ನ ಹಿಂದೆ ಓದಬೇಕಾದ ತಂಗಿಯ ದಾರಿಗೂ ಅದು ಮುಳ್ಳಾಗುತ್ತದೆ.

ಹೀಗಿರುವಾಗ ಗಾಂಧೀಜಿಯವರ ಆತ್ಮಕಥೆಯನ್ನೂ, ಅವರು ತಮ್ಮ ಪತ್ರಿಕೆಗೆ ಬರೆದ ಕೆಲವು ಲೇಖನಗಳನ್ನೂ ಓದುವ ಸಂದರ್ಭ ಒದಗಿತು. ಉಪ್ಪಿನ ಸತ್ಯಾಗ್ರಹ, ಚರಕ, ಕ್ವಿಟ್ ಇಂಡಿಯಾ ಇವನ್ನು ಶಾಲೆಯಿಂದಲೂ ಕಂಠಪಾಠ ಮಾಡಿದ ನಮಗೆ, ರಾತ್ರಿ ಹಾಸಿಗೆಯ ಮೇಲೆ ಎಚ್ಚರವಾಗಿ ಬಿದ್ದಿದ್ದ ಗಾಂಧೀಜಿಯ ಪರಿಚಯ ಅಷ್ಟಾಗಿ ಇಲ್ಲ. ಆ ಗಾಂಧೀಜಿಯ ವಿಚಾರವಾಗಿ ಈ ನಾಲ್ಕು ಮಾತು.

ಮೋಹನದಾಸರು ಹುಟ್ಟಿದ್ದು ೧೮೬೯ರ ಅಕ್ಟೋಬರ್ ೨ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ಮುಂದೆ ಸಾಮ್ರಾಜ್ಯಕ್ಕೇ ಅಂಜದ ಈ ಮನುಷ್ಯ ಬಾಲ್ಯದಲ್ಲಿ ಕತ್ತಲೆಗೆ ಅಂಜುತ್ತಿದ್ದರೆಂದರೆ ನಂಬುವುದು ಕಷ್ಟ. ದೀಪವಿಲ್ಲದ ಕೋಣೆಯಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ದಿಕ್ಕಿನಿಂದ ದೆವ್ವ, ಇನ್ನೊಂದು ದಿಕ್ಕಿನಿಂದ ಕಳ್ಳ, ಮತ್ತೊಂದರಿಂದ ಹಾವು ಬರುತ್ತಿರುವಂತೆ ಕಲ್ಪನೆಯಾಗುತ್ತಿತ್ತು. ಹದಿಮೂರರ ವಯಸ್ಸಿಗೇ ಮದುವೆಯಾಯಿತಷ್ಟೆ. ಪಕ್ಕದಲ್ಲಿ ಮಲಗಿದ ಕಸ್ತೂರಬಾ ಅವರಿಗೆ ಈ ಯಾವ ಭಯವೂ ಇರಲಿಲ್ಲ. ಕತ್ತಲಲ್ಲಿ ಎಲ್ಲಿಗೆ ಬೇಕಾದರೂ ಹೋಗಿಬರುವ ಆ ಹುಡುಗಿಯ ಮುಂದೆ ತಮ್ಮ ಅಂಜುಬುರುಕುತನವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಗಂಡಸು ತನ್ನ ಹೆಂಡತಿಗಿಂತ ಪುಕ್ಕಲನೆಂದು ಅಚ್ಚಿನಲ್ಲಿ ಹೇಳಿಕೊಳ್ಳುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಮನೆಯಲ್ಲಿ ರಂಭಾ ಎಂಬ ಹಳೆಯ ದಾದಿ ಇದ್ದಳು. ಹೆದರಿಕೆಯಾದಾಗ ರಾಮನಾಮ ಹೇಳಿಕೊಳ್ಳಬೇಕೆಂದು ಆಕೆ ಹುಡುಗನಿಗೆ ಕಲಿಸಿದಳು. ಮಂತ್ರಕ್ಕಿಂತ ಹೆಚ್ಚಾಗಿ ಆಕೆಯ ಮೇಲೆ ಇದ್ದ ನಂಬಿಕೆಯಿಂದ ಹುಡುಗ ಅದನ್ನು ಹೇಳತೊಡಗಿದ. ಅಭ್ಯಾಸ ಬಹಳ ದಿನ ನಡೆಯಲಿಲ್ಲ. ಆದರೂ ಆ ಬೀಜ ಹುಸಿಹೋಗಲಿಲ್ಲ. ದೇಶ ದೇಶಗಳ ಪಂಡಿತರ ಗ್ರಂಥಗಳನ್ನು ಓದಿದ ಮಹಾತ್ಮರಿಗೆ ರಾತ್ರಿಯನ್ನು ದಾಟುವ ವಿದ್ಯೆಯನ್ನು ಕಲಿಸಿದವಳು ಮನೆಗೆಲಸದ ಒಬ್ಬ ಹೆಂಗಸು ಎಂಬುದನ್ನು ಓದಿದಾಗ ನನಗೆ ನಮ್ಮಜ್ಜಿಯ ನೆನಪಾಯಿತು.

ಬ್ಯಾರಿಸ್ಟರ್ ಓದು, ದಕ್ಷಿಣ ಆಫ್ರಿಕದ ಇಪ್ಪತ್ತೊಂದು ವರ್ಷ, ಸತ್ಯಾಗ್ರಹದ ಹುಟ್ಟು ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳು. ೧೮೯೩ರಲ್ಲಿ ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ತಳ್ಳಿಸಿಕೊಂಡು, ಕೊರೆಯುವ ಚಳಿಯಲ್ಲಿ, ದೀಪವೂ ಇಲ್ಲದ ತಂಗುಕೋಣೆಯಲ್ಲಿ ಕಳೆದ ರಾತ್ರಿ ಅವರ ಬಾಳನ್ನು ತಿರುಗಿಸಿತೆನ್ನುತ್ತಾರೆ. ಹಿಂದಕ್ಕೆ ಹೋಗುವುದೋ, ನಿಂತು ಹೋರಾಡುವುದೋ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಆದರೆ ಆ ರಾತ್ರಿ ಅವರಿಗೆ ಯಾವ ದನಿಯೂ ಕೇಳಿಸಲಿಲ್ಲ. ಯೋಚನೆ ಮಾತ್ರ ಇತ್ತು. ಇವೆರಡನ್ನೂ ಬೆರೆಸಬಾರದು.

ನಿದ್ದೆಯ ಹೊಸಿಲಿನಿಂದ ಏನೋ ಒಂದು ಬಂದು ಅವರ ಕೈಹಿಡಿದ ಮೊದಲ ದೊಡ್ಡ ಪ್ರಸಂಗವೆಂದರೆ ೧೯೧೯ರ ಮಾರ್ಚ್ ತಿಂಗಳಿನದು. ಆಗ ಅವರು ಮದರಾಸಿನಲ್ಲಿ ರಾಜಾಜಿಯವರ ಮನೆಯಲ್ಲಿ ಇಳಿದಿದ್ದರು. ಹಿಂದಿನ ವರ್ಷದ ಕಾಯಿಲೆಯಿಂದ ಶರೀರ ಇನ್ನೂ ಚೇತರಿಸಿರಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರವನ್ನು ಸರಕಾರಕ್ಕೆ ಕೊಡುವ ರೌಲಟ್ ಮಸೂದೆಯನ್ನು ಎದುರಿಸುವ ಬಗೆ ಹೇಗೆಂದು ದಿನವೂ ಚರ್ಚೆ ನಡೆಯುತ್ತಿತ್ತು; ದಾರಿ ತೋರಲಿಲ್ಲ. ಅಷ್ಟರಲ್ಲಿ ಮಸೂದೆ ಕಾಯಿದೆಯಾಯಿತೆಂಬ ಸುದ್ದಿ ಬಂತು. ಆ ರಾತ್ರಿ ಅದನ್ನೇ ಯೋಚಿಸುತ್ತಾ ನಿದ್ದೆಹೋದರು. ಬೆಳಗಿನ ಜಾವ, ದಿನಕ್ಕಿಂತ ಕೊಂಚ ಮೊದಲೇ ಎಚ್ಚರವಾಯಿತು. ಪೂರ್ತಿ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ, ನಸುಬೆಳಕಿನಂಥ ಒಂದು ಸ್ಥಿತಿ. ಆಗ ಕನಸಿನಲ್ಲಿ ಎಂಬಂತೆ ಒಂದು ಯೋಚನೆ ಹೊಳೆಯಿತು. ದೇಶವೆಲ್ಲ ಒಂದು ದಿನ ವ್ಯಾಪಾರ ವ್ಯವಹಾರ ನಿಲ್ಲಿಸಿ, ಉಪವಾಸವಿದ್ದು, ಪ್ರಾರ್ಥನೆ ಮಾಡಬೇಕು. ಬೆಳಗಾದೊಡನೆ ರಾಜಾಜಿಯವರಿಗೆ ಹೇಳಿದರು. ಅವರು ಒಡನೆಯೇ ಒಪ್ಪಿದರು.

ಮೊದಲು ಮಾರ್ಚ್ ೩೦ ಎಂದು ಗೊತ್ತುಮಾಡಿ, ಆಮೇಲೆ ಏಪ್ರಿಲ್ ೬ಕ್ಕೆ ಮುಂದೂಡಿದರು. ದೆಹಲಿಗೆ ಬದಲಾವಣೆ ವೇಳೆಗೆ ಸರಿಯಾಗಿ ಮುಟ್ಟದೆ ಅಲ್ಲಿ ಮೊದಲ ತಾರೀಖಿಗೇ ಹರತಾಳ ನಡೆಯಿತು. ಭಾರತವೆಲ್ಲ ಒಂದೇ ದಿನ ಅಂಗಡಿ ಮುಚ್ಚಿ ನಿಂತದ್ದು ಅದೇ ಮೊದಲು. ಅರೆನಿದ್ದೆಯಲ್ಲಿ ಹೊಳೆದದ್ದು ಇಷ್ಟನ್ನು ಮಾಡಿತು. ಆದರೆ ಅದರ ಬೆನ್ನಿಗೇ ಹಲವೆಡೆ ಗಲಭೆಯಾಯಿತು, ಏಪ್ರಿಲ್ ೧೩ರಂದು ಜಲಿಯನ್‌ವಾಲಾಬಾಗಿನ ಹತ್ಯೆಯಾಯಿತು. ಜನರನ್ನು ಅಣಿಗೊಳಿಸದೆ ಕಾಯಿದೆಭಂಗಕ್ಕೆ ಕರೆದದ್ದು ಹಿಮಾಲಯದಷ್ಟು ದೊಡ್ಡ ತಪ್ಪೆಂದು ಗಾಂಧೀಜಿ ಬಹಿರಂಗವಾಗಿ ಹೇಳಿ ಚಳವಳಿಯನ್ನು ನಿಲ್ಲಿಸಿದರು. ಒಳಗಿನಿಂದ ಹೊಳೆದ ಮಾತ್ರಕ್ಕೆ ಅದರ ಲೆಕ್ಕ ಕೊಡುವ ಹೊಣೆ ತಪ್ಪಿತೆಂದು ಅವರು ಎಣಿಸಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ೧೯೨೭ರ ಮಾರ್ಚಿನಲ್ಲಿ ನಿಪ್ಪಾಣಿ, ಕೊಲ್ಹಾಪುರಗಳ ಕಡೆ ಪ್ರವಾಸದಲ್ಲಿದ್ದಾಗ ರಕ್ತದ ಒತ್ತಡ ಏರಿ ಗಾಂಧೀಜಿ ಕುಸಿದರು. ವೈದ್ಯರು ವಿಶ್ರಾಂತಿ ವಿಧಿಸಿದ್ದರಿಂದ ನಂದಿಬೆಟ್ಟದಲ್ಲಿಯೂ ಬೆಂಗಳೂರಿನ ಕುಮಾರಪಾರ್ಕಿನಲ್ಲಿಯೂ ತಿಂಗಳುಗಟ್ಟಲೆ ಇದ್ದರು. ಕೊಂಚ ಸುಧಾರಿಸಿದ ಮೇಲೆ ಖಾದಿಯ ಸಲುವಾಗಿ ಮೈಸೂರು ಸಂಸ್ಥಾನವನ್ನು ಸುತ್ತಿದರು. ಆ ಆಗಸ್ಟಿನಲ್ಲಿ ಅವರು ಶಿವಮೊಗ್ಗಕ್ಕೂ ಭದ್ರಾವತಿಗೂ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆಗ ಇನ್ನೂ ಎಳೆಯದು. ೧೯೨೩ರಲ್ಲಿ ಕುಲುಮೆ ಹೊತ್ತಿಕೊಂಡಿತ್ತು. ಕಲ್ಲಿದ್ದಲಿಲ್ಲದ ಸೀಮೆಯಾದ್ದರಿಂದ ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲಿನಲ್ಲೇ ಅದಿರು ಕರಗಿಸುತ್ತಿದ್ದರು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರು. ಚರಕದ ಮನುಷ್ಯ ಊದುಕುಲುಮೆಯ ಎದುರು ನಿಂತ ಆ ದೃಶ್ಯವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಇದೇ ಪ್ರವಾಸದಲ್ಲಿ ಸಾಗರದವರೆಗೆ ಹೋದಾಗ ಕಾಕಾ ಕಾಲೇಲ್ಕರರು ಜೋಗದ ಜಲಪಾತಕ್ಕೆ ಬರುವಂತೆ ಬಹಳ ಒತ್ತಾಯಿಸಿದರು. ಗಾಂಧೀಜಿ ಜಗ್ಗಲಿಲ್ಲ. ಒಂಬೈನೂರು ಅಡಿಗೂ ಮೇಲಿನಿಂದ ನೀರು ಬೀಳುವುದನ್ನು ಕಾಕಾ ವರ್ಣಿಸಿದರೆ, ಮಳೆಯ ನೀರು ಎಷ್ಟು ಎತ್ತರದಿಂದ ಬೀಳುತ್ತದೆಂದು ಗಾಂಧೀಜಿ ತಿರುಗಿ ಕೇಳಿದರಂತೆ. ಕಾಕಾ ಹೋಗಿ ನೋಡಿ ಬಂದರು. ಹತ್ತಿರದಲ್ಲೇ ಗುಡುಗುತ್ತಿದ್ದ ಶರಾವತಿಯ ಅಬ್ಬರವನ್ನು ಕೇಳಲು ಹೋಗದ ಮನುಷ್ಯ, ಆರು ವರ್ಷದ ಮೇಲೆ ಯಾರಿಗೂ ಕೇಳಿಸದ ಒಂದು ದನಿಗೆ ಕಿವಿಗೊಟ್ಟು ಪ್ರಾಣವನ್ನೇ ಒಡ್ಡಿದರು. ಜೋಗಕ್ಕೆ ಹೋಗದಿದ್ದದ್ದು ಮಾತ್ರ ನಮ್ಮ ಜಿಲ್ಲೆಯವರು ಸುಲಭವಾಗಿ ಕ್ಷಮಿಸುವಂಥದಲ್ಲ!

ಈಗ ಯರವಡೆಯ ಸೆರೆಮನೆಗೆ ಬರೋಣ. ೧೯೩೨ರ ಜನವರಿ ೪ರಂದು ಗಾಂಧೀಜಿಯವರನ್ನು ಬಂಧಿಸಿ ಪುಣೆಯ ಯರವಡೆಯಲ್ಲಿಟ್ಟರು. ವಲ್ಲಭಭಾಯಿ ಪಟೇಲರೂ, ಸ್ವಲ್ಪ ದಿನದ ಮೇಲೆ ಮಹಾದೇವ ದೇಸಾಯಿಯವರೂ ಜೊತೆಗೆ ಸೇರಿದರು. ಆ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಗಾಂಧೀಜಿ ಅದನ್ನು ವಿರೋಧಿಸಿ ಸೆಪ್ಟೆಂಬರ್ ೨೦ರಂದು ಆಮರಣ ಉಪವಾಸಕ್ಕೆ ತೊಡಗಿದರು. ೨೪ರಂದು ಪುಣೆಯ ಒಪ್ಪಂದವಾಯಿತು. ಪ್ರತ್ಯೇಕ ಕ್ಷೇತ್ರ ಹೋಗಿ, ಪ್ರಾಂತಗಳ ಶಾಸನಸಭೆಗಳಲ್ಲಿ ೧೪೮ ಸ್ಥಾನಗಳು ಮೀಸಲಾದವು. ಡಾ. ಅಂಬೇಡ್ಕರರು ಸಹಿ ಹಾಕಿದರು. ಮಹಾತ್ಮರ ಪ್ರಾಣ ಒಂದು ತಕ್ಕಡಿಯಲ್ಲಿ ಇದ್ದಾಗ ಹಾಕಿದ ಸಹಿ ಅದು. ಮುಂದೆ ಅಂಬೇಡ್ಕರರು ಆ ಉಪವಾಸವನ್ನು ಕಟುವಾಗಿ ಖಂಡಿಸಿ ಬರೆದರು. ನಮ್ಮ ಕೇರಿಯಲ್ಲಿ ಗೋಡೆಯ ಮೇಲಿರುವುದು ಅಂಬೇಡ್ಕರರ ಚಿತ್ರ. ಗಾಂಧೀಜಿ ಪ್ರೀತಿಯಿಂದ ಕೊಟ್ಟ ‘ಹರಿಜನ’ ಎಂಬ ಹೆಸರನ್ನು ನಮ್ಮವರು ಇಂದು ಒಪ್ಪುವುದಿಲ್ಲ. ಇದನ್ನು ಮುಚ್ಚಿಟ್ಟು ಗಾಂಧೀಜಿಯ ಕಥೆ ಹೇಳುವುದು ಅವರಿಗೇ ಅಪಚಾರ.

ಆ ಒಪ್ಪಂದದ ನಂತರ ಅವರು ಸೆರೆಮನೆಯಿಂದಲೇ ಅಸ್ಪೃಶ್ಯತೆಯ ನಿವಾರಣೆಯ ಕೆಲಸ ನಡೆಸಿದರು. ೧೯೩೩ರ ಫೆಬ್ರವರಿಯಲ್ಲಿ ‘ಹರಿಜನ’ ವಾರಪತ್ರಿಕೆ ಹೊರಟಿತು. ದೇವಸ್ಥಾನದ ಬಾಗಿಲು ತೆರೆಯಲು ಸನಾತನಿಗಳ ವಿರೋಧ; ಕೆಲಸಗಾರರಲ್ಲೇ ಅಶುದ್ಧಿ, ಸಡಿಲು. ದಿನವೂ ಬರುವ ಕಾಗದಗಳಲ್ಲಿ ಇವೇ ಸುದ್ದಿ. ಏಪ್ರಿಲ್ ತಿಂಗಳ ಕೊನೆಗೆ ಅವರ ಮನಸ್ಸಿನೊಳಗೆ ಬಿರುಗಾಳಿ ಎದ್ದಿತ್ತು. ಉಪವಾಸದ ಯೋಚನೆ ಬರುತ್ತಿತ್ತು, ಅದನ್ನು ಒತ್ತಿಹಿಡಿಯುತ್ತಿದ್ದರು.

ಏಪ್ರಿಲ್ ೩೦ ಹರಿಜನ ದಿನವೆಂದು ದೇಶದಲ್ಲಿ ಆಚರಿಸಲು ಗೊತ್ತಾಗಿತ್ತು. ಅದರ ಮುನ್ನಾ ರಾತ್ರಿ ಮಲಗಿದರು, ಮನಸ್ಸು ಮಲಗಲಿಲ್ಲ. ಒಳಗೆ ಭಯಂಕರವಾದ ಹೊಯ್ದಾಟ, ದಾರಿ ಕಾಣದು, ಹೊಣೆಯ ಭಾರ ಎದೆಯನ್ನು ತುಳಿಯುತ್ತಿತ್ತು. ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಇದ್ದಕ್ಕಿದ್ದಂತೆ ಒಂದು ದನಿ ಕೇಳಿಸಿತು. ಬಹಳ ದೂರದಿಂದ ಬಂದಂತೆಯೂ ಇತ್ತು, ತೀರಾ ಹತ್ತಿರದಲ್ಲಿ ಇದ್ದಂತೆಯೂ ಇತ್ತು. ಮನುಷ್ಯನೊಬ್ಬ ಎದುರು ನಿಂತು ಮಾತನಾಡಿದಷ್ಟು ಸ್ಪಷ್ಟ. ಯಾವ ಆಕಾರವೂ ಕಾಣಲಿಲ್ಲ. ಆಗ ತಾವು ಕನಸು ಕಾಣುತ್ತಿರಲಿಲ್ಲವೆಂದು ಅವರು ಒತ್ತಿ ಹೇಳಿದ್ದಾರೆ. ಕಿವಿಗೊಟ್ಟು ಕೇಳಿದರು, ಇದು ಅದೇ ದನಿಯೆಂದು ನಿಶ್ಚಯ ಮಾಡಿಕೊಂಡರು. ಹೊಯ್ದಾಟ ಅಡಗಿ ಮನಸ್ಸು ತಿಳಿಯಾಯಿತು. ಉಪವಾಸದ ದಿನ, ಗಂಟೆಗಳು ಗೊತ್ತಾದವು. ಮೈ ಹಗುರಾಗಿ, ಎದ್ದು ಕುಳಿತು ಅದರ ವಿಷಯವಾಗಿ ಹೇಳಿಕೆಯನ್ನು ಬರೆಯತೊಡಗಿದರು.

ಮೇ ೮ರ ಮಧ್ಯಾಹ್ನದಿಂದ ೨೯ರ ಮಧ್ಯಾಹ್ನದವರೆಗೆ, ಇಪ್ಪತ್ತೊಂದು ದಿನ. ಯಾರ ವಿರುದ್ಧವೂ ಅಲ್ಲ, ಯಾವ ಬೇಡಿಕೆಯೂ ಇಲ್ಲ. ತಮ್ಮ ಮತ್ತು ತಮ್ಮ ಸಂಗಡಿಗರ ಶುದ್ಧಿಗಾಗಿ. ಹಿಂದಿನ ಸೆಪ್ಟೆಂಬರಿನ ಉಪವಾಸಕ್ಕೂ ಇದಕ್ಕೂ ಇರುವ ಭೇದ ಇದೇ ಎಂದು ನನಗೆ ತೋರುತ್ತದೆ. ಅದರಲ್ಲಿ ಇನ್ನೊಬ್ಬರ ಕೈ ಹಿಡಿದು ತಿರುವಿದ್ದುಂಟು. ಇದರಲ್ಲಿ ತಿರುವಿದ್ದು ತಮ್ಮ ಕೈಯನ್ನೇ. ಅರವತ್ತಮೂರು ವರ್ಷದ ಶರೀರ. ಉಳಿಯುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ರಾಜಾಜಿ ವಾದಿಸಿ ನೋಡಿದರು. ಡೆಹರಾಡೂನಿನ ಸೆರೆಯಲ್ಲಿದ್ದ ಜವಾಹರಲಾಲರಿಗೆ ಇದರ ತಲೆಬುಡ ತಿಳಿಯಲಿಲ್ಲ. ತಿಳಿಯದ ನಾಡಿನಲ್ಲಿ ದಾರಿ ತಪ್ಪಿದವನಂತಾಗಿದ್ದೇನೆ ಎಂಬ ಭಾವದ ತಂತಿಯನ್ನು ಕಳಿಸಿದರು. ೧೯೧೯ರಲ್ಲಿ ಬೆಳಗಿನ ಜಾವದ ಹೊಳಹನ್ನು ಒಡನೆಯೇ ಒಪ್ಪಿದ್ದ ರಾಜಾಜಿಯವರೇ ಈ ಸಲ ಒಪ್ಪಲಿಲ್ಲ ಎಂಬುದು ಗಮನಿಸತಕ್ಕದ್ದು. ಹೊಳೆದ ಯೋಚನೆ ಬೇರೆಯವರ ಬುದ್ಧಿಗೂ ನಿಲುಕುತ್ತದೆ. ಕೇಳಿದ ದನಿ ಕೇಳಿದವನಿಗೆ ಮಾತ್ರ.

ಉಪವಾಸ ತೊಡಗಿದ ದಿನವೇ ಸರಕಾರ ಅವರನ್ನು ಬಿಟ್ಟಿತು. ಪುಣೆಯ ‘ಪರ್ಣಕುಟಿ’ ಎಂಬ ಮನೆಯಲ್ಲಿ, ಲೇಡಿ ಪ್ರೇಮಲೀಲಾ ಠಾಕರ್ಸಿಯವರ ಆಶ್ರಯದಲ್ಲಿ, ಉಳಿದ ದಿನಗಳು ಕಳೆದವು. ಮೇ ೨೯ರಂದು ಕಿತ್ತಳೆ ಹಣ್ಣಿನ ರಸ ಕುಡಿದು ಮುಗಿಸಿದರು. ಬದುಕಿದರು.

ಅವರನ್ನು ಪ್ರಶ್ನಿಸದೆ ಜನ ಬಿಡಲಿಲ್ಲ. ಇದು ನಿಮ್ಮ ಕಾದ ತಲೆಯ ಪ್ರತಿಧ್ವನಿಯಲ್ಲವೆ, ಭ್ರಮೆಯಲ್ಲವೆ ಎಂದು ಕೇಳಿದರು. ೧೯೩೩ರ ಜುಲೈಯಲ್ಲಿ ಪತ್ರಿಕೆಯಲ್ಲಿ ಕೊಟ್ಟ ಉತ್ತರವೇ ನನ್ನನ್ನು ಈ ಲೇಖನಕ್ಕೆ ಹಚ್ಚಿದ್ದು. ದೊಡ್ಡವರಾದವರು ಇಂಥ ಪ್ರಶ್ನೆಗೆ ಸಿಟ್ಟಾಗುತ್ತಾರೆ, ಇಲ್ಲವೆ ಪವಾಡ ತೋರಿಸುತ್ತಾರೆ. ಗಾಂಧೀಜಿ ಎರಡನ್ನೂ ಮಾಡಲಿಲ್ಲ. ಸಂಶಯಪಡುವವರನ್ನು ಒಪ್ಪಿಸುವ ಸಾಕ್ಷ್ಯ ತಮ್ಮಲ್ಲಿಲ್ಲ, ಅದನ್ನು ಭ್ರಮೆ ಎನ್ನಲು ಅವರು ಸ್ವತಂತ್ರರು, ಹಾಗೆಯೇ ಇದ್ದಿರಲೂಬಹುದು, ಅಲ್ಲವೆಂದು ತಾವು ಸಿದ್ಧಪಡಿಸಲಾರೆವು ಎಂದು ಒಪ್ಪಿಕೊಂಡರು. ಆದರೂ ಲೋಕವೆಲ್ಲ ಒಂದಾಗಿ ಅಲ್ಲವೆಂದರೂ ತಾವು ಕೇಳಿದ್ದು ದೇವರ ದನಿಯೆಂಬ ತಮ್ಮ ನಂಬಿಕೆ ಅಲುಗದೆಂದೂ ಸೇರಿಸಿದರು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಇನ್ನೊಬ್ಬ ಸಂತನನ್ನು ನಾನು ಓದಿಲ್ಲ. ಕಂಡಕಂಡವರೆಲ್ಲ ಒಳದನಿಯ ಹೆಸರು ಹೇಳಬಾರದು, ಸತ್ಯ, ಅಹಿಂಸೆ, ಬ್ರಹ್ಮಚರ್ಯ ಮೊದಲಾದ ವ್ರತಗಳಿಂದ ಬಹುಕಾಲ ಪಳಗಿದವನಿಗೆ ಮಾತ್ರ ಆ ಅಧಿಕಾರವೆಂಬ ಎಚ್ಚರಿಕೆಯೂ ಅವರದು.

ಮನಶ್ಶಾಸ್ತ್ರ ಇದಕ್ಕೆ ಏನೆನ್ನುತ್ತದೆ? ನಿದ್ದೆ ಹತ್ತುವ ಗಳಿಗೆಯಲ್ಲಿ ಇಲ್ಲದ್ದು ಕಾಣುವುದು, ಕೇಳುವುದು ಬಹಳ ಸಾಮಾನ್ಯವೆಂದು ನಮ್ಮ ಮನಶ್ಶಾಸ್ತ್ರದ ಅಧ್ಯಾಪಕರು ಹೇಳಿದರು. ಫ್ರಾನ್ಸಿನ ಆಲ್ಫ್ರೆಡ್ ಮೋರಿ ಎಂಬ ವಿದ್ವಾಂಸ ೧೮೪೮ರಲ್ಲಿಯೇ, ತನ್ನ ಅನುಭವಗಳನ್ನೂ ಇಟ್ಟುಕೊಂಡು, ಇದನ್ನು ವಿವರಿಸಿ ಹೆಸರಿಟ್ಟ. ಮಿದುಳು ದೀಪ ಆರಿಸಿದಂತೆ ಒಮ್ಮೆಗೇ ನಿದ್ರಿಸುವುದಿಲ್ಲ. ಒಂದು ಭಾಗ ಮಲಗುವಾಗ ಇನ್ನೊಂದು ಇನ್ನೂ ಕೆಲಸದಲ್ಲಿರುತ್ತದೆ. ಹೊರಗಿನ ಸದ್ದು ಒಳಕ್ಕೆ ಬರುವುದು ಕಡಮೆಯಾದ ಆ ಹೊತ್ತಿನಲ್ಲಿ ಕೇಳುವ ಭಾಗ ತಾನೇ ತಾನಾಗಿ ಚುರುಕಾದರೆ ಗಂಟೆ, ಬಾಗಿಲು ಬಡಿತ, ಸಂಗೀತ, ಹೆಸರು ಹಿಡಿದ ಕರೆ, ಕೆಲವರಿಗೆ ಮದ್ದು ಸಿಡಿದಂಥ ಸದ್ದು ಕೇಳುತ್ತದೆ. ದಣಿವು, ನಿದ್ದೆಗೇಡು, ಹೊತ್ತು ತಪ್ಪಿದ ನಿದ್ದೆ, ಚಿಂತೆ ಇದ್ದಾಗ ಹೆಚ್ಚು. ಇಷ್ಟರಿಂದಲೇ ಅದು ಹುಚ್ಚಲ್ಲ. ಹಗಲು ಪೂರ್ತಿ ಎಚ್ಚರವಿದ್ದಾಗಲೂ ದನಿಗಳು ಬೆನ್ನು ಹತ್ತಿದರೆ, ಅದು ಮಾಡು ಇದು ಮಾಡು ಎಂದು ಆಜ್ಞಾಪಿಸಿದರೆ ಮಾತ್ರ ನಾಚಿಕೆ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು ಎಂದೂ ಅವರು ಹೇಳಿದರು. ಪಾಳಿಯ ಕೆಲಸ, ಪರೀಕ್ಷೆಯ ಓದು ಎರಡಕ್ಕೂ ಈ ವಿವರಣೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ನನಗೆ ಆಶ್ಚರ್ಯವಾಯಿತು.

ಹಾಗಾದರೆ ಯರವಡೆಯ ದನಿಯೂ ಇಷ್ಟೆಯೆ? ದಣಿದ ದೇಹ, ದಿನಗಟ್ಟಲೆಯ ಚಿಂತೆ, ನಡುರಾತ್ರಿ, ಹಾಸಿಗೆ. ಶಾಸ್ತ್ರ ಕೇಳುವ ಎಲ್ಲ ಲಕ್ಷಣಗಳೂ ಇವೆ. ಗಾಂಧೀಜಿ ತಾವು ಎಚ್ಚರವಿದ್ದೆವೆಂದದ್ದು ಇದಕ್ಕೆ ಅಡ್ಡಿಯಲ್ಲ. ಹೆಸರು ಕೇಳಿಸಿದಾಗ ನಾನೂ ಎಚ್ಚರವಿದ್ದೇನೆಂದೇ ಆಣೆ ಮಾಡುತ್ತಿದ್ದೆ. ಅಥೆನ್ಸಿನ ಸಾಕ್ರಟೀಸನಿಗೆ ಬಾಲ್ಯದಿಂದ ಒಂದು ದನಿ ಕೇಳುತ್ತಿತ್ತು. ಅದು ಬೇಡವೆಂದು ತಡೆಯುತ್ತಿತ್ತೇ ಹೊರತು ಮಾಡೆಂದು ಎಂದೂ ಹೇಳುತ್ತಿರಲಿಲ್ಲವಂತೆ. ಫ್ರಾನ್ಸಿನ ಜೋನ್ ಎಂಬ ಹಳ್ಳಿಯ ಹುಡುಗಿ ದನಿಗಳನ್ನು ಕೇಳಿ ಸೈನ್ಯ ನಡೆಸಿ, ೧೪೩೧ರಲ್ಲಿ ಬೆಂಕಿಗೆ ಆಹುತಿಯಾದಳು. ದನಿ ಎಲ್ಲಿಂದ ಬಂತೆಂಬುದನ್ನು ಶಾಸ್ತ್ರ ಹೇಳಬಹುದು. ಆ ಹೊತ್ತಿನಲ್ಲಿ ನನಗೆ ನನ್ನ ಹೆಸರು, ತಂದೆಗೆ ಸೈರನ್, ಗಾಂಧೀಜಿಗೆ ಉಪವಾಸ ಏಕೆ ಕೇಳಿಸಬೇಕು? ಹಗಲೆಲ್ಲ ಯಾವುದಕ್ಕೆ ಕಿವಿಗೊಟ್ಟಿದ್ದೇವೋ ಅದೇ ರಾತ್ರಿ ಕಿವಿಗೆ ಬರುತ್ತದೆಂದು ನನ್ನ ಅಲ್ಪಬುದ್ಧಿಗೆ ತೋರುತ್ತದೆ. ಇಪ್ಪತ್ತು ಮೂವತ್ತು ವರ್ಷ ಪಾಳಿ ದುಡಿದವನ ಕಿವಿಯಲ್ಲಿ ಪಾಳಿ ಇರುತ್ತದೆ. ಆ ಏಪ್ರಿಲಿನಲ್ಲಿ ಆ ಮುದುಕನ ಕಿವಿಯಲ್ಲಿದ್ದದ್ದು ನಮ್ಮಂಥ ಕೇರಿಗಳ ಸುದ್ದಿ. ಅದಕ್ಕೆ ಅವರು ಕಂಡುಕೊಂಡ ಉತ್ತರದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ಆದರೆ ಇನ್ನೊಬ್ಬರ ಕೇರಿಯ ಸುದ್ದಿಯಿಂದ ನಿದ್ದೆಗೆಟ್ಟವರು ಅಂದೂ ಹೆಚ್ಚಿರಲಿಲ್ಲ.

ಮುಂದಿನ ಕಥೆ ಚಿಕ್ಕದಾಗಿ ಹೇಳಬಹುದು. ಆ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು ಒಂಬತ್ತು ತಿಂಗಳು, ಹನ್ನೆರಡೂವರೆ ಸಾವಿರ ಮೈಲಿ, ಅಸ್ಪೃಶ್ಯತೆಯ ವಿರುದ್ಧ ದೇಶವನ್ನು ಸುತ್ತಿದರು, ಕನ್ನಡನಾಡಿಗೂ ಬಂದರು. ನಿಧಿಗೆ ಸುಮಾರು ಎಂಟು ಲಕ್ಷ ರೂಪಾಯಿ ಕೂಡಿತು. ೧೯೩೪ರ ಜೂನಿನಲ್ಲಿ ಪುಣೆಯಲ್ಲಿ ಅವರ ಕಾರೆಂದು ಬೇರೊಂದು ಕಾರಿನ ಮೇಲೆ ಬಾಂಬು ಬಿತ್ತು. ೧೯೩೯ರಲ್ಲಿ ರಾಜಕೋಟೆಯಲ್ಲಿ ಮತ್ತೆ ಉಪವಾಸ ಮಾಡಿದರು. ನಡುವೆ ವೈಸರಾಯರ ನೆರವನ್ನು ಬಯಸಿದ್ದು ಹಿಂಸೆಯ ಸೋಂಕೆಂದು ಕಂಡು, ಆಮೇಲೆ ಅದರಿಂದ ಬಂದ ಲಾಭವನ್ನೆಲ್ಲ ಬಿಟ್ಟುಕೊಟ್ಟರು. ೧೯೪೨ರಲ್ಲಿ ಮಹಾದೇವರು, ೧೯೪೪ರಲ್ಲಿ ಕಸ್ತೂರಬಾ ಅವರು, ಇಬ್ಬರೂ ಆಗಾಖಾನ್ ಅರಮನೆಯ ಸೆರೆಯಲ್ಲೇ ತೀರಿಕೊಂಡರು. ೧೯೪೮ರ ಜನವರಿ ೧೩ರಿಂದ ೧೮ರವರೆಗೆ ದೆಹಲಿಯಲ್ಲಿ ಕೊನೆಯ ಉಪವಾಸ. ಜನವರಿ ೨೯ರ ರಾತ್ರಿ ಕೆಮ್ಮು ಕಾಡುತ್ತಿತ್ತು. ಔಷಧದ ಗುಳಿಗೆ ಬೇಡವೆಂದರು, ರಾಮನಾಮ ಸಾಕೆಂದರು. ಮರುದಿನ ಸಂಜೆ ಪ್ರಾರ್ಥನೆಗೆ ನಡೆಯುತ್ತಿದ್ದಾಗ ಗುಂಡಿಗೆ ಬಲಿಯಾದರು.

ಇದನ್ನೆಲ್ಲ ಓದಿದ ಮೇಲೆ ಒಂದು ಭಾನುವಾರ ರಾತ್ರಿ ಊಟವಾದ ನಂತರ ತಂದೆಯವರಿಗೆ ನನ್ನ ಹೆಸರು ಕೇಳಿಸಿದ ಸಂಗತಿಯನ್ನು ಮೊದಲು ಹೇಳಿ, ಆಮೇಲೆ ಯರವಡೆಯ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ದನಿ ಕೇಳಿದ ಮೇಲೆ ಆ ಮಹಾನುಭಾವರಿಗೆ ನಿದ್ದೆ ಬಂತೋ ಇಲ್ಲವೋ ಎಂದು ಮಾತ್ರ ಕೇಳಿದರು. ಎದ್ದು ಕುಳಿತು ಬರೆದರಂತೆ, ಮನಸ್ಸು ಹಗುರವಾಯಿತಂತೆ ಎಂದೆ. ಹೊಸ್ತಿಲ ಬಳಿ ಕುಳಿತಿದ್ದ ಅಮ್ಮ, ಸೈರನ್ ಕೇಳಿ ಇವರು ಅಂಗಿ ಹುಡುಕುವುದು ತನಗೆ ಎಂದಿನಿಂದಲೋ ಗೊತ್ತು ಎಂದು ಹೇಳಿ, ದೀಪ ಆರಿಸಲು ಎದ್ದಳು.